ಮಾಸ್ತರ ಸೊಟ್ಟಗಾಲಿನ ಕಾರು

ದಾಮೋದರ ಮಾಸ್ತರ ಹೆಸರು ರಾಚವ್ವನ ಕಿವಿಗೆ ಮೊದಲು ಬಿದ್ದದ್ದು, ಮನೆಯೊಡತಿ ಮೂಕಾಂಬಿಕಮ್ಮ ಹೊಸ ಗ್ರೈಂಡರ್ ತಂದು, ಅಡಿಗೆಮನೆಯ ಕಡೆಯುವ ಕಲ್ಲನ್ನು ಹಿತ್ತಿಲಿಗೆ ಉರುಳಿಸಿದ ದಿನ. ತೊಂಬತ್ತೊಂಬತ್ತನೆಯ ಇಸವಿ. ಪರ್ಕಳದ ಆ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ರಾಚವ್ವ ಬಾಗಲಕೋಟೆ ಕಡೆಯವಳು. ಗಂಡ ಸತ್ತ ಮೇಲೆ ಮಣಿಪಾಲದ ಕಟ್ಟಡಗಳಿಗೆ ಕಾಂಕ್ರೀಟ್ ಬುಟ್ಟಿ ಹೊತ್ತು ಸೊಂಟ ಸೋತು, ಈಗ ತಮ್ಮೂರ ಕಡೆಯ ಕೂಲಿಯವರಿಗೆ ಜೋಳದ ರೊಟ್ಟಿ ತಟ್ಟಿ ಮಾರುತ್ತಿದ್ದಳು.

“ಈ ಕಲ್ಲು ಮಾಸ್ತರಿಗೆ ಬೇಕಂತೆ. ಕಾರಿನ ಡಿಕ್ಕಿಯಲ್ಲಿ ಇಡ್ಲಿಕ್ಕೆ! ಅವರಿಗೆ ತಲೆ ಸಮ ಇಲ್ಲ ಮಾರಾಯ್ತಿ,” ಎಂದರು ಮೂಕಾಂಬಿಕಮ್ಮ.

ರಾಚವ್ವನಿಗೆ ಮೈಯೆಲ್ಲ ಉರಿಯಿತು. ಕಲ್ಲು ಒಯ್ಯಲು ಬಂದ ಮಾಸ್ತರಿಗೆ ಅಡ್ಡ ನಿಂತಳು.

“ಹಿಟ್ಟು ರುಬ್ಬಿ ಮನಿಮಂದಿಗೆಲ್ಲ ಹೊಟ್ಟಿ ತುಂಬಿಸಿದ ಕಲ್ಲರೀ ಇದು. ಗಾಡಿ ಕುಂಡ್ಯಾಗ ಇಡತೀರಿ? ಸಾಲಿ ಕಲಿಸಿದವ್ರಿಗೆ ಇಷ್ಟೂ ತಿಳಿಯಂಗಿಲ್ಲೇನು?”

ಮಾಸ್ತರು ಸಿಟ್ಟಾಗಲಿಲ್ಲ. “ಹಿತ್ತಿಲಲ್ಲಿ ಹಾವಸೆ ಹಿಡಿಯುವುದಕ್ಕಿಂತ ಒಂದು ಜೀವ ಕಾಯುವುದು ಒಳ್ಳೆಯದು ಅಲ್ವಾ?” ಎಂದು ಅವಳನ್ನು ಕಾರಿನ ಹತ್ತಿರ ಕರೆದರು.

ಅದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇಂಗ್ಲಿಷರ ಕಾರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಬಿಟ್ಟುಹೋಗಿ, ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಆ ಗಾಡಿಯನ್ನು ಮಾಸ್ತರು ತಂದು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮುಗಿಸಿ ಬಂದು ದಿನಾ ಸಂಜೆ ತಿಕ್ಕಿ, ಬೆಸೆದು, ವರ್ಷಾನುಗಟ್ಟಲೆ ಹೆಣಗಿ ಎಬ್ಬಿಸಿದ್ದರು. ಮದುವೆಯಾಗಲಿಲ್ಲ. ಭಾನುವಾರ ಬಂತೆಂದರೆ ಪಂಚೆ ಎತ್ತಿ ಕಟ್ಟಿ, ಒಬ್ಬರೇ ಕಾಪುವಿನ ಸಮುದ್ರದವರೆಗೆ ಹೋಗಿ ಬರುವುದು. ಅಷ್ಟೇ ಅವರ ಶೋಕಿ.

ಗಾಡಿಯ ಹಿಂದಿನ ಕಾಲುಗಳು ಮಾತ್ರ ವಿಚಿತ್ರ. ಚಕ್ರಗಳೆರಡೂ ಅಚ್ಚಿನ ನಡುವಿನಿಂದ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತಿದ್ದವು. “ತಿರುವಿನಲ್ಲಿ ಜೋರು ಹೋಗಿ, ಹೆದರಿ ಫಕ್ಕನೆ ಪೆಟ್ರೋಲಿನಿಂದ ಕಾಲು ತೆಗೆದರೆ ಹಿಂಭಾಗ ಹಗುರಾಗಿ ಎದ್ದು, ಚಕ್ರ ಒಳಗೆ ಮಡಚಿಕೊಳ್ಳುತ್ತದೆ,” ಎಂದರು ಮಾಸ್ತರು. “ಭಾರ ಇದ್ದರೆ ಕಾಲು ಅಗಲ ಮಾಡಿ ಗಟ್ಟಿ ನಿಲ್ಲುತ್ತದೆ.”

“ತಲಿಮ್ಯಾಲೆ ಬುಟ್ಟಿ ಇದ್ದವ್ರು ಕಾಲ ಅಗಲಿಸಿ ನಿಲ್ಲೂದಿಲ್ಲೇನ್ರಿ? ಹಂಗ,” ಎಂದಳು ರಾಚವ್ವ. ಅಡ್ಡ ನಿಂತಿದ್ದವಳೇ ಮಾಸ್ತರ ಜೊತೆ ಕೈಹಾಕಿ ಕಲ್ಲನ್ನು ಡಿಕ್ಕಿಗೆ ಏರಿಸಿದಳು.

ಮೂರು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಮೂಕಾಂಬಿಕಮ್ಮನ ತಮ್ಮ, ಕಂಟ್ರಾಕ್ಟರ್ ಸರ್ವೋತ್ತಮನ ಮಗನ ಮದುವೆ ಬಂತು. ಹುಡುಗಿಯ ಮನೆ ಬಜಗೋಳಿ. ಮದುಮಗ ದಿಬ್ಬಣದಲ್ಲಿ ಕೆಂಪು ಕಾರಿನಲ್ಲೇ ಇಳಿಯಬೇಕೆಂದು ಸರ್ವೋತ್ತಮನ ಹಟ. ಕಾರು ಓಡಿಸುವುದು ತಾನೇ ಎಂಬ ಒಂದು ಮಾತಿನ ಮೇಲೆ ಮಾಸ್ತರು ಒಪ್ಪಿದರು.

ಮದುವೆಯ ದಿನ ಬೆಳಿಗ್ಗೆ ಮಾಸ್ತರು ಕಾರನ್ನು ಮೂಕಾಂಬಿಕಮ್ಮನ ಅಂಗಳದಲ್ಲಿ ನಿಲ್ಲಿಸಿ ಮನೆಯೊಳಗೆ ಪಂಚೆ ಬದಲಿಸುತ್ತಿದ್ದಾಗ ಹೂ ಕಟ್ಟಲು ಬಂದ ಹೆಂಗಸರು ಡಿಕ್ಕಿ ತೆರೆದರು. “ಅಯ್ಯೋ ದೇವರೇ, ಮನೆಯಿಂದ ಹೊರಗೆ ಹಾಕಿದ ಕಲ್ಲು ಮದುವೆ ಗಾಡಿಯಲ್ಲಾ? ಅಪಶಕುನ!” ಸರ್ವೋತ್ತಮ ಇಬ್ಬರನ್ನು ಕರೆದು ಕಲ್ಲನ್ನು ಚರಂಡಿಯ ಪಕ್ಕಕ್ಕೆ ಇಳಿಸಿದ.

“ಅದನ್ನ ತಗೀಬ್ಯಾಡ್ರೀ ಸಾಹೇಬ್ರ, ಗಾಡಿ ಕಾಲು ಮಡಚತದ,” ಎಂದು ರಾಚವ್ವ ಓಡಿ ಬಂದಳು.

“ನೀನು ರೊಟ್ಟಿ ತಟ್ಟು ಹೋಗು,” ಎಂದ ಸರ್ವೋತ್ತಮ. ಮಗನನ್ನು ಎಡಗಡೆ ಕೂರಿಸಿ ತಾನೇ ಸ್ಟೇರಿಂಗ್ ಹಿಡಿದ. ಹೊರಗೆ ಬಂದ ಮಾಸ್ತರಿಗೆ ಕೂಗಿ ಹೇಳಿದ: “ಮುಹೂರ್ತಕ್ಕೆ ಲೇಟಾಯ್ತು. ಇರುವುದು ಎರಡೇ ಸೀಟು ಅಲ್ವಾ ಮಾಸ್ತರೇ, ನೀವು ಬಸ್ಸಲ್ಲಿ ಬನ್ನಿ!”

ಕಾರಿನ ಯಜಮಾನ ಬಸ್ಸಲ್ಲಿ!

ಬಜಗೋಳಿಯ ಹತ್ತಿರದ ತಿರುವಿನಲ್ಲಿ ಎದುರಿಗೆ ಬಸ್ಸು ಕಂಡು ಹೆದರಿ ಸರ್ವೋತ್ತಮ ಪೆಟ್ರೋಲಿನಿಂದ ಕಾಲು ತೆಗೆದ. ಕಾರು ಬುಗುರಿಯಂತೆ ತಿರುಗಿ ಹಿಮ್ಮುಖವಾಗಿ ರಸ್ತೆಬದಿಯ ನೀರಿನ ತೋಡಿಗೆ ಬಿತ್ತು. ಮದುಮಗನ ಭುಜದ ಎಲುಬು ಮುರಿಯಿತು. ಮಂಟಪದಲ್ಲಿ ಅವನು ಒಂದೇ ಕೈಯಲ್ಲಿ ತಾಳಿ ಹಿಡಿದ; ಗಂಟು ಹಾಕಿದ್ದು ಅವನ ಅಕ್ಕ.

ಮರುದಿನದಿಂದ ಊರಿಗೆ ಊರೇ ಬೈದದ್ದು ಯಾರನ್ನು? ಮಾಸ್ತರನ್ನು! “ಪೀಡೆ ಗಾಡಿ ಕೊಟ್ಟು ಮದುವೆ ಹಾಳು ಮಾಡಿದರು. ಕಾಲು ಸೊಟ್ಟ ಅಂತ ಗೊತ್ತಿದ್ದೂ ಕೊಟ್ಟರಲ್ಲ!” ಕಲ್ಲಿನ ಮಾತನ್ನು ಸರ್ವೋತ್ತಮ ಬಾಯಿಬಿಡಲಿಲ್ಲ; ಹೂ ಕಟ್ಟಿದ ಹೆಂಗಸರೂ ನುಂಗಿಕೊಂಡರು. ಗಾಡಿ ಮತ್ತೆ ರಸ್ತೆಗಿಳಿದರೆ ಪೊಲೀಸರಿಗೆ ಹೇಳುತ್ತೇನೆ, ಗುಜರಿಗೆ ಕೊಟ್ಟು ಮುಗಿಸಿ ಎಂದು ಸರ್ವೋತ್ತಮ ಹೇಳಿ ಕಳಿಸಿದ. ಮಾಸ್ತರು ಎದುರಾಡಲಿಲ್ಲ. ಅದೇ ರಾಚವ್ವನಿಗೆ ತಡೆಯಲಾಗದ್ದು.

“ಕಲ್ಲು ಇಳಿಸಿದವ್ರು ನಿಮ್ಮ ತಮ್ಮ. ನಾ ನೋಡೇನಿ,” ಎಂದು ಮೂಕಾಂಬಿಕಮ್ಮನಿಗೆ ಬಾವಿಕಟ್ಟೆಯ ಹತ್ತಿರ ನಾಲ್ಕು ಜನರ ಎದುರಿಗೇ ಹೇಳಿದಳು.

“ಬಾಡಿಗೆ ಕೋಣೆಯಲ್ಲಿದ್ದುಕೊಂಡು ಎಂತ ನಾಲಗೆ ನಿನ್ನದು! ರೊಟ್ಟಿ ಮಾರುವವಳ ಸಾಕ್ಷಿ ಯಾರಿಗೆ ಬೇಕು?”

“ಸುಳ್ಳಿಗಿ ಸಾಕ್ಷಿ ಹುಡುಕಬೇಕಾಗೂದಿಲ್ಲ ಬಿಡ್ರಿ, ಊರ ತುಂಬ ಅದಾರ.”

ತಿಂಗಳು ತುಂಬುವುದರೊಳಗೆ ರಾಚವ್ವ ಕೋಣೆ ಬಿಡಬೇಕಾಯಿತು. ಗಂಟು ಕಟ್ಟುತ್ತಿದ್ದಾಗ ಹೊರಗೆ ಕಾರಿನ ಸದ್ದು. ಮಾಸ್ತರು ತಗ್ಗು ಬಿದ್ದ ತಗಡನ್ನೆಲ್ಲ ಬಡಿದು ಸರಿಮಾಡಿದ್ದರು, ಬಣ್ಣ ಮಾತ್ರ ಬಳಿದಿರಲಿಲ್ಲ. ನಾಳೆ ಗುಜರಿಯವನು ಬರುತ್ತಾನೆ, ಕೊಡುವುದೋ ಬಿಡುವುದೋ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಎಂದರು. ಆಮೇಲೆ ಎಡಗಡೆಯ ಬಾಗಿಲು ತೆರೆದರು.

“ಬಜಗೋಳಿಯ ಅದೇ ತಿರುವಿಗೆ ಹೋಗಿ ಬರುವ. ತಪ್ಪು ಗಾಡಿಯದ್ದಲ್ಲ ಅಂತ ಊರು ನೋಡಲಿ. ನೀವು ಪಕ್ಕದಲ್ಲಿ ಕೂತುಕೊಳ್ತೀರಾ?”

“ನಾ ಏನ್ರೀ, ನಿಮ್ಮ ಗಾಡಿಗೆ ಭಾರಕ್ಕ ಹಾಕೂ ಕಲ್ಲಾ?” ರಾಚವ್ವ ಸೆರಗು ಎಳೆದುಕೊಂಡಳು. “ರಂಡಿಮುಂಡಿ ಹೆಂಗಸು, ಮದುವಿಯಿಲ್ಲದ ಗಂಡಸು. ಕಾರ್ಕಳ ಪ್ಯಾಟಿ ನಡುವ ಹಾದು ಹೋದ್ರ ಮಂದಿ ಏನಂದಾರು? ಈ ಗಾಡಿಗೆ ಮ್ಯಾಲೆ ಮುಚ್ಚಗಿನೂ ಇಲ್ಲ, ಎಲ್ಲರಿಗೂ ಕಾಣತದ.”

“ಕಾಣಬೇಕು ಅಂತಲೇ ಕೇಳುವುದು ರಾಚವ್ವ,” ಎಂದರು ಮಾಸ್ತರು. “ಬರ್ತೀರಾ?”