ಡ್ರೈವರ್ ಮಂಜನ ಜರ್ಮನ್ ಫಿಲ್ಟರ್

ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ಕಬ್ಬಿಣ ಬಹಳ ಕಾಲ ಬಾಳುವುದಿಲ್ಲ. ಬಾಗಿಲಿನ ಬಿಜಾಗರಿ, ಸೈಕಲ್ಲಿನ ಚೈನು, ಮಿಕ್ಸಿಯ ತಳದ ಸ್ಕ್ರೂ, ಎಲ್ಲವನ್ನೂ ಉಪ್ಪುಗಾಳಿ ಮೆಲ್ಲಗೆ ತಿಂದು ಮುಗಿಸುತ್ತದೆ. ಹೊಸ ಫ್ಯಾನು ತಂದ ವರ್ಷವೇ ಅದರ ರೆಕ್ಕೆಯ ಅಂಚು ಕೆಂಪಾಗಲು ಶುರು. ಇಂಥ ಊರಿನಲ್ಲಿ ಮಂಜನ ಮನೆಯ ಚಾವಡಿಯ ಮೂಲೆಯಲ್ಲಿ, ಮೀನಿನ ಗಾಜಿನ ತೊಟ್ಟಿಯ ಕೆಳಗೆ ಕೂತಿದ್ದ ಹಸಿರು ಬಣ್ಣದ ಡಬ್ಬಿಯಂಥ ಫಿಲ್ಟರೊಂದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಓಡಿತ್ತು. ಕರೆಂಟು ಹೋದಾಗ ನಿಲ್ಲುತ್ತಿತ್ತು, ಬಂದ ಕೂಡಲೇ ತಾನಾಗಿ ಶುರುವಾಗುತ್ತಿತ್ತು. ಬೇರೇನನ್ನೂ ಅದು ಕೇಳಿದ್ದಿಲ್ಲ.

ಮಂಜ ಬೋಟಿನ ಇಂಜಿನ್ ಡ್ರೈವರ್. ಹರೆಯದಲ್ಲಿ ಮುಂಬೈಯ ಸಸೂನ್ ಡಾಕಿನಲ್ಲಿ, ಆಮೇಲೆ ಗಂಗೊಳ್ಳಿ ಬಂದರಿನಲ್ಲಿ ದುಡಿದವನು. ಬೋಟಿನಲ್ಲಿ ಬಲೆ ಎಳೆಯುವವರು ಆಕಾಶ ನೋಡುತ್ತಾರೆ, ನೀರು ನೋಡುತ್ತಾರೆ. ಡ್ರೈವರ್ ಕೆಳಗೆ ಇಂಜಿನ್ನಿನ ಜೊತೆ ಒಬ್ಬನೇ. ದಡ ಕಾಣದ ಕಡೆ ಇಂಜಿನ್ ನಿಂತರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಮ್ಮೆ ಗಾಳಿ ಎದ್ದ ಹೊತ್ತಿಗೆ ಹಾಗೇ ನಿಂತು, ಇಡೀ ಹಗಲು ಅಲೆಯ ಬಾಯಿಗೆ ಬಿದ್ದು ಹೊರಳಾಡಿ ಬಂದಿದ್ದ. ಅಂದಿನಿಂದ ನಿಲ್ಲದೆ ಓಡುವ ಯಾವ ಮಿಷನನ್ನು ಕಂಡರೂ ಅವನಿಗೆ ಒಂದು ಬಗೆಯ ಗೌರವ.

ಫಿಲ್ಟರ್ ಸಿಕ್ಕಿದ್ದು ಮುಂಬೈಯಲ್ಲಿ. ಬ್ರಹ್ಮಾವರದ ಕಡೆಯ ರತ್ನಾಕರ ಶೆಟ್ಟರು ಕೊಲಾಬಾದಲ್ಲಿ ಹೋಟೆಲ್ ಇಟ್ಟಿದ್ದರು. ಊರಿನವರೆಂದು ಮಂಜ ಅಲ್ಲಿಗೇ ಊಟಕ್ಕೆ ಹೋಗುತ್ತಿದ್ದ. ದುಡ್ಡಿನ ಗಲ್ಲೆಯ ಹಿಂದೆ ಒಂದು ದೊಡ್ಡ ಮೀನಿನ ತೊಟ್ಟಿ ಇತ್ತು. ಒಂದು ದಿನ ಹೋದಾಗ ತೊಟ್ಟಿ ಬರಿದಾಗಿತ್ತು, ಫಿಲ್ಟರನ್ನು ಕಸದ ಬುಟ್ಟಿಯ ಪಕ್ಕಕ್ಕೆ ಇಟ್ಟಿದ್ದರು. ಹಾಳಾಯಿತು ಅಂದರು ಶೆಟ್ಟರು. ಮಂಜ ಅಲ್ಲೇ ನೆಲದ ಮೇಲೆ ಕೂತು ಬಿಚ್ಚಿದ. ಒಳಗೆ ತಿರುಗುವ ಚಕ್ರಕ್ಕೆ ಒಂದು ಸಣ್ಣ ಶಂಖದ ಚೂರು ಸಿಕ್ಕಿಕೊಂಡಿತ್ತು, ಅಷ್ಟೇ. ಆ ಚಕ್ರ ಕೂತಿದ್ದದ್ದು ಪೆನ್ಸಿಲ್ಲಿನ ಕಡ್ಡಿಯಷ್ಟು ಸಪೂರದ, ಪಿಂಗಾಣಿಯಂಥ ಬಿಳಿ ಶಾಫ್ಟಿನ ಮೇಲೆ. ಕಬ್ಬಿಣವಲ್ಲ, ತುಕ್ಕು ಹಿಡಿಯುವ ಮಾತೇ ಇಲ್ಲ. ಮೋಟಾರಿಗೆ ನೀರು ತಾಗದ ಹಾಗೆ ಎಲ್ಲ ಕಡೆ ಮುಚ್ಚಿಗೆ. ತಳದಲ್ಲಿ ಮೇಡ್ ಇನ್ ಜರ್ಮನಿ ಎಂದಿತ್ತು. ಇದನ್ನು ಮಾಡಿದವ ಯಾರೇ ಇರಲಿ, ಒಂದಲ್ಲ ಒಂದು ದಿನ ನಡುಕಡಲಲ್ಲಿ ಸಿಕ್ಕಿಬಿದ್ದವನೇ ಇರಬೇಕು ಅನ್ನಿಸಿತು ಮಂಜನಿಗೆ. ಶೆಟ್ಟರು ತಕೊಂಡು ಹೋಗು ಅಂದರು. ಊರಿಗೆ ಬರುವ ರೈಲಿನಲ್ಲಿ ಅದನ್ನು ಮಡಿಲಿನಿಂದ ಇಳಿಸದೆ ತಂದ.

ಹೆಂಡತಿ ಸುಗುಣ ಬೈಂದೂರು ಮಾರ್ಕೆಟಿನಲ್ಲಿ ಮೀನು ಮಾರುವವಳು. ಬೆಳಗಿನಿಂದ ಮೀನು ಕೊಯ್ದು ಬಂದು ಮನೆಯಲ್ಲೂ ಮೀನು ನೋಡಬೇಕೇ ಎಂದು ಮೊದಮೊದಲು ಸಿಡುಕುತ್ತಿದ್ದಳು. ಆಮೇಲೆ ತಾನೇ ಉಳಿದ ಸಿಗಡಿಯನ್ನು ಸಣ್ಣಗೆ ಹೆಚ್ಚಿ ತೊಟ್ಟಿಗೆ ಹಾಕತೊಡಗಿದಳು. ತೊಟ್ಟಿಯಲ್ಲಿ ಕೊನೆಗೆ ಉಳಿದದ್ದು ಅಂಗೈಗಿಂತ ದೊಡ್ಡದಾಗಿ ಬೆಳೆದ ಒಂದು ಆಸ್ಕರ್ ಮೀನು. ಕಪ್ಪು ಮೈ, ಕಿತ್ತಳೆ ಕಲೆ, ಊದಿದ ತುಟಿ. ಗುಲ್ವಾಡಿಯ ತನ್ನ ಸೋದರಮಾವ ಗುಡ್ಡನ ಮೋರೆ ಹೀಗೇ ಎಂದು ಸುಗುಣ ಅದನ್ನು ಗುಡ್ಡ ಎಂದೇ ಕರೆದಳು. ಮಗ ಅನೂಪನೂ ಹಾಗೇ ಕರೆಯುತ್ತ ಬೆಳೆದ. ಈಗ ಅವನೂ ಮಲ್ಪೆಯ ಬೋಟೊಂದರಲ್ಲಿ ಹೋಗುತ್ತಾನೆ, ಮಳೆಗಾಲಕ್ಕೆ ಮನೆಗೆ ಬರುತ್ತಾನೆ.

ಪ್ರತಿ ತಿಂಗಳ ಸಂಕ್ರಾಂತಿಗೆ ಮಂಜ ಫಿಲ್ಟರನ್ನು ಬಿಚ್ಚಿ ಅಂಗಳಕ್ಕೆ ತರುತ್ತಿದ್ದ. ಒಳಗಿನ ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಹಿಂಡಿ, ರಬ್ಬರ್ ಬಳೆಗೆ ವ್ಯಾಸಲೀನ್ ಸವರಿ, ಮತ್ತೆ ಜೋಡಿಸಿ ಪ್ಲಗ್ ಹಾಕಿ ಮುಚ್ಚಳದ ಮೇಲೆ ಅಂಗೈ ಇಡುತ್ತಿದ್ದ. ಇಂಜಿನ್ನಿನ ಸದ್ದಿಗೆ ಅವನ ಕಿವಿ ಹೋಗಿ ಬಹಳ ಕಾಲವಾಗಿತ್ತು. ಆದರೆ ಮಿಷನ್ನಿನ ಅದುರು ಅವನ ಅಂಗೈಗೆ ಗೊತ್ತಾಗುತ್ತಿತ್ತು. ಬೋಟಿನಲ್ಲೂ ಹಾಗೇ ಕೆಲಸ ನಡೆಸಿದ್ದ. ಎದುರು ನಿಂತು ತುಟಿ ಆಡಿಸಿದರೆ ಜನರ ಮಾತೂ ತಿಳಿಯುತ್ತಿತ್ತು. ಕಿವುಡನೆಂದು ಅವನಿಗೆ ದೊಡ್ಡ ಕೊರಗೇನೂ ಇರಲಿಲ್ಲ.

ಕೊರಗು ಶುರುವಾದದ್ದು ಸಕ್ಕರೆ ಕಾಯಿಲೆ ಬಂದ ಮೇಲೆ. ಮೊದಲು ಪಾದ ಜುಮುಜುಮು ಅಂದಿತು, ಆಮೇಲೆ ಬೆರಳ ತುದಿ. ಒಂದು ದಿನ ಚಾ ಲೋಟ ಕೈಯಿಂದ ಜಾರಿತು. ಇನ್ನೊಂದು ದಿನ ಬಿಸಿ ಪಾತ್ರೆ ಹಿಡಿದದ್ದು ಚರ್ಮ ಬೊಕ್ಕೆ ಎದ್ದ ಮೇಲೆಯೇ ತಿಳಿದದ್ದು. ಬೋಟಿಗೆ ಹೋಗುವುದನ್ನು ಬಿಟ್ಟ. ಸೊಂಟ ನೋವು ಎಂದು ಎಲ್ಲರಿಗೂ ಹೇಳಿದ. ಸುಗುಣಳಿಗೂ ಹಾಗೇ ಹೇಳಿದ.

ಕಳೆದ ಮಾಗಿಯಲ್ಲಿ ಒಂದು ಬೆಳಿಗ್ಗೆ ಸುಗುಣ ಮಾರ್ಕೆಟಿಗೆ ಹೋದ ಮೇಲೆ ಮಂಜ ತೊಟ್ಟಿಯ ಎದುರು ಕೂತ. ಒಳಗಿನ ಹುಲ್ಲು ಅಲುಗುತ್ತಿರಲಿಲ್ಲ. ಗುಡ್ಡ ಮೇಲೆ ಬಂದು ಬಾಯಿ ಕಳೆದು ಗಾಳಿ ನುಂಗುತ್ತಿತ್ತು. ಮಂಜ ಬಗ್ಗಿ ಫಿಲ್ಟರಿನ ಮುಚ್ಚಳದ ಮೇಲೆ ಕೈ ಇಟ್ಟ. ಏನೂ ಇಲ್ಲ. ಇನ್ನೊಂದು ಕೈ ಇಟ್ಟ. ಏನೂ ಇಲ್ಲ. ಪ್ಲಗ್ ಕಿತ್ತು, ಪೈಪಿನ ನಳ್ಳಿ ತಿರುಗಿಸಿ, ಅದನ್ನು ಬೆಳಕಿಗೆ ತಂದು ಬಿಚ್ಚಿದ. ಎಷ್ಟೋ ಸಲ ಮಾಡಿದ ಕೆಲಸ. ಚಕ್ರವನ್ನು ಎಳೆದ, ಬರಲಿಲ್ಲ. ಸ್ವಲ್ಪ ಓರೆ ಮಾಡಿ ಎಳೆದ. ಎಷ್ಟು ಒತ್ತುತ್ತಿದ್ದೇನೆ ಎಂದು ಅವನ ಬೆರಳು ಅವನಿಗೆ ಹೇಳಲಿಲ್ಲ. ಮುರಿದ ಸದ್ದನ್ನು ಕಿವಿಯೂ ಹೇಳಲಿಲ್ಲ. ಅಂಗೈ ಬಿಡಿಸಿದಾಗ ಬಿಳಿ ಶಾಫ್ಟು ಎರಡು ತುಂಡಾಗಿತ್ತು.

ಮಧ್ಯಾಹ್ನ ಸುಗುಣ ಬಂದಾಗ ಅವನು ಇನ್ನೂ ಅಲ್ಲೇ ಕೂತಿದ್ದ. ಅವಳು ಬುಟ್ಟಿ ಇಳಿಸಿ ಎದುರಿಗೆ ಬಂದು ನಿಂತಳು.

"ಅದನ್ನ್ ಎಂತಕ್ಕೆ ಬಿಚ್ಚಿದ್ರಿ?"

"ನಿಂತ್ ಹೋಯ್ತ್."

"ಯಾರ್ ಹೇಳಿದ್ದ್ ನಿಂತದ್ದ್ ಅಂತ? ಬೆಳ್ಗೆ ನಾ ಹೋಪೊತ್ತಿಗೂ ಗುಂಯ್ ಅಂತಿತ್ತಲೆ!"

ಮಂಜ ಅವಳ ತುಟಿಯನ್ನೇ ನೋಡಿದ. ತಪ್ಪಾಗಿ ಓದಿದೆನೇನೋ ಅನ್ನಿಸಿತು. ಅವಳು ತೊಟ್ಟಿಗೆ ಕೈ ಹಾಕಿ, ನೀರೆಳೆಯುವ ಪೈಪಿನ ಬಾಯಿಯಿಂದ ಕೊಳೆತ ಹುಲ್ಲಿನ ಒಂದು ಮುದ್ದೆಯನ್ನು ಕಿತ್ತು ತೋರಿಸಿದಳು. ಮೋಟಾರಿಗೆ ಏನೂ ಆಗಿರಲಿಲ್ಲ. ಬಾಯಿಗೆ ಕಸ ಕಟ್ಟಿತ್ತು, ಅಷ್ಟೇ. ಅವನು ಕೈ ಇಟ್ಟಾಗಲೂ ಅದು ಓಡುತ್ತಲೇ ಇತ್ತು.

ಸುಗುಣ ಅವನ ಎದುರು ಕುಕ್ಕರುಗಾಲಲ್ಲಿ ಕೂತಳು. ಸುಟ್ಟ ಗಾಯದ ಕಲೆ, ಜಾರಿ ಒಡೆದ ಲೋಟ ಎಲ್ಲ ಆಗಲೇ ಅವಳ ತಲೆಗೆ ಬಂದಿರಬೇಕು.

"ಕಣ್ಣ್ ಮುಚ್ಚಿ. ನಾ ಚಿವುಟ್ತೆ. ಯಾವ ಬೆರಳ್ ಅಂತ ಹೇಳಿ, ಕಾಂಬ."

ಅವನು ಕಣ್ಣು ಮುಚ್ಚಿ ಎರಡೂ ಕೈ ಚಾಚಿದ. ಕಾದ. ಬಹಳ ಹೊತ್ತಾದರೂ ಅವಳು ಚಿವುಟಲಿಲ್ಲವೆಂದು ಕಣ್ಣು ತೆರೆದು, "ಚಿವುಟ್ ಮಾರಾಯ್ತಿ, ಎಂತ ಕಾಯ್ತಿದ್ದೆ?" ಅಂದ.

ಅವಳು ಅವನ ತೋರುಬೆರಳನ್ನು ಇನ್ನೂ ಬಿಟ್ಟಿರಲಿಲ್ಲ. ಉಗುರು ಊರಿದ ಜಾಗದಲ್ಲಿ ಅರ್ಧಚಂದ್ರದಂತೆ ಗುರುತು ಬಿದ್ದಿತ್ತು. ಅವಳ ಕಣ್ಣು ತುಂಬಿತ್ತು.

ಕುಂದಾಪುರದ ಡಾಕ್ಟರು ನರ ಹೋಗಿದೆ ಅಂದರು. ಇನ್ನು ಮುಂದೆ ಹೋಗದ ಹಾಗೆ ನೋಡಬಹುದು, ಹೋದದ್ದು ಬಾರದು ಎಂದು ಸುಗುಣಳಿಗೆ ವಿವರಿಸಿದರು. ಅವಳು ಅದನ್ನು ಮಂಜನಿಗೆ ಹೇಳುವಾಗ ಎರಡನೆಯ ಮಾತನ್ನು ಬಿಟ್ಟಳು. ಆದರೆ ಅವನು ಡಾಕ್ಟರ ತುಟಿಯನ್ನು ಓದಿಯಾಗಿತ್ತು.

ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಅವನು ಹೋದದ್ದು ಶೈಲೇಶನ ಅಂಗಡಿಗೆ. ಅಕ್ವೇರಿಯಂ ಸಾಮಾನು ಮಾರುವ ಹುಡುಗ, ಒಳ್ಳೆಯವನು. ಮಂಜ ಕರವಸ್ತ್ರ ಬಿಚ್ಚಿ ಎರಡು ತುಂಡನ್ನು ತೋರಿಸಿದ. ಶೈಲೇಶ ಮೊಬೈಲಿನಲ್ಲಿ ಬಹಳ ಹುಡುಕಿದ. ಯಾರಿಗೋ ಫೋನೂ ಮಾಡಿದ. ಆಮೇಲೆ ತಲೆ ಆಡಿಸಿದ.

"ಇದ್ ಈಗ ಬತ್ತಿಲ್ಲ, ಮಂಜಣ್ಣ. ಆ ಮಾಡೆಲ್ಲೇ ನಿಲ್ಸಿದ್ರ್. ಹೊಸತ್ ಒಂದ್ ತಕಣಿ, ಲಾಯ್ಕಿತ್ತ್."

"ಎಷ್ಟ್ ವರ್ಷ ಬತ್ತ್?"

"ಆರ್ ತಿಂಗ್ಳ್ ವಾರಂಟಿ. ಹಾಳಾದ್ರೆ ರಿಪೇರಿ ಎಲ್ಲ ಇಲ್ಲ, ಬದಲ್ ಮಾಡುದೇ."

ಮಂಜ ತುಟಿ ಓದಿದ್ದು ಸರಿಯೋ ಎಂದು ಸುಗುಣಳ ಮುಖ ನೋಡಿದ. ಅವಳು ಬೆರಳಲ್ಲಿ ಆರು ಎಂದು ತೋರಿಸಿದಳು.

ಅವನು ಆವತ್ತು ಕೊಳ್ಳಲಿಲ್ಲ; ಸುಗುಣ ದಿನಕ್ಕೆರಡು ಸಲ ತೊಟ್ಟಿಯ ನೀರು ಬದಲಿಸಿ ಮೀನನ್ನು ಉಳಿಸಿಕೊಂಡಳು. ಗಂಗೊಳ್ಳಿಯ ವರ್ಕ್‌ಶಾಪಿನಲ್ಲಿ ಸ್ಟೀಲಿನ ಕಡ್ಡಿಯೊಂದನ್ನು ತಿಕ್ಕಿಸಿ ತಂದು ಹಾಕಿ ನೋಡಿದ. ಒಂದು ದಿನ ಓಡಿತು. ಕರಕರ ಅಂತ ಸದ್ದು ಬರುತ್ತಿದೆ ಎಂದು ಸುಗುಣ ಕೈಸನ್ನೆ ಮಾಡಿದಳು. ಮರುದಿನ ಬಿಚ್ಚಿದರೆ ಚಕ್ರದ ನಡುವಿನ ತೂತು ಸವೆದು ಅಗಲವಾಗಿತ್ತು. ಈಗ ಶಾಫ್ಟಿನ ಜೊತೆ ಚಕ್ರವೂ ಹೋಯಿತು.

ಕೊನೆಗೆ ರತ್ನಾಕರ ಶೆಟ್ಟರ ನೆನಪಾಯಿತು. ಫಿಲ್ಟರ್ ಕೊಂಡಾಗ ಜೊತೆಗೆ ಬಿಡಿಭಾಗದ ಡಬ್ಬಿಯೂ ಬಂದಿರುತ್ತದಲ್ಲ? ಶೆಟ್ಟರು ಮುಂಬೈ ಬಿಟ್ಟು ಬಂದು ಬ್ರಹ್ಮಾವರದಲ್ಲಿ ಮಗ ಕೌಶಲನ ಟೈಲ್ಸ್ ಅಂಗಡಿಯಲ್ಲಿ ಕೂರುತ್ತಾರೆಂದು ಕೇಳಿದ್ದ. ಬಸ್ಸು ಹತ್ತಿ ಹೋದ. ಶೆಟ್ಟರಿಗೆ ಮಂಜನನ್ನು ಕಂಡು ನಿಜವಾಗಿಯೂ ಸಂತೋಷವಾಯಿತು. ಕಾಫಿ ತರಿಸಿದರು, ಸಸೂನ್ ಡಾಕಿನ ಯಾರು ಯಾರು ಎಲ್ಲಿದ್ದಾರೆಂದು ವಿಚಾರಿಸಿದರು. ಮಂಜ ಫಿಲ್ಟರಿನ ಮಾತೆತ್ತಿದಾಗ ಮಾತ್ರ ಅವರ ಮುಖದಲ್ಲಿ ಏನೂ ಮೂಡಲಿಲ್ಲ.

"ಎಂತ ಫಿಲ್ಟರ್?"

"ಗಲ್ಲೆ ಹಿಂದೆ ಮೀನಿನ ತೊಟ್ಟಿ ಇತ್ತಲೆ ಶೆಟ್ರೆ. ಅದರದ್ದ್. ನೀವೇ ಕೊಟ್ಟದ್ದ್. ಅದರ ಬಿಡಿಭಾಗದ ಡಬ್ಬಿ ಇತ್ತಾ?"

"ಹ್ವಾಯ್, ಅದಾ! ಅದ್ ಇನ್ನೂ ಇತ್ತಾ ಮಾರಾಯ?" ಶೆಟ್ಟರು ನಕ್ಕರು. "ಡಬ್ಬಿ ಎಲ್ಲ ಯಾರಿಗ್ ಗೊತ್ತ್? ಹೋಟೆಲ್ ಕೊಡೊತ್ತಿಗೆ ಪೂರಾ ಬಿಸಾಡಿ ಬಂದದ್ದ್. ನಿಂಗ್ ಅಷ್ಟ್ ಬೇಕಾರೆ ಕೌಶಲಂಗ್ ಹೇಳ್ತೆ, ಹೊಸತ್ ತರಸ್ವ."

ಬೇಡ ಅಂದ ಮಂಜ. ಹೊರಡುವಾಗ ಕೈ ಮುಗಿದ. ಶೆಟ್ಟರದೇನೂ ತಪ್ಪಿರಲಿಲ್ಲ. ಅವರ ಮಟ್ಟಿಗೆ ಅದು ಅಂದೇ ಹಾಳಾಗಿದ್ದ ವಸ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಇಷ್ಟು ವರ್ಷ ಅದು ಓಡಿದ್ದು ತನ್ನೊಬ್ಬನಿಗೇ ಗೊತ್ತು ಎಂದುಕೊಂಡ. ಕುಂದಾಪುರದಲ್ಲಿಳಿದು ಶೈಲೇಶನಲ್ಲಿಗೆ ಹೋಗಿ ಹೊಸ ಪಂಪನ್ನೇ ಕೊಂಡ. ನೀರೊಳಗೇ ಮುಳುಗಿಸಿಡುವಂಥದ್ದು, ಮುಷ್ಟಿಯೊಳಗೆ ಹಿಡಿಯುವಷ್ಟು ಸಣ್ಣದು, ಹಗುರ. ಆಟದ ಸಾಮಾನಿನಂತಿತ್ತು.

ಆ ಪಂಪಿಗೆ ಒಂದು ಚಾಳಿ ಇತ್ತು. ಕರೆಂಟು ಹೋಗಿ ಬಂದರೆ ಕೆಲವೊಮ್ಮೆ ತಿರುಗದೆ ಸುಮ್ಮನೆ ಕೂತುಬಿಡುತ್ತಿತ್ತು. ಸುಗುಣ ಕೇಳಿಸಿಕೊಂಡು ಬಂದು ಬೆರಳಲ್ಲಿ ತಟ್ಟಿದರೆ ಹೊರಡುತ್ತಿತ್ತು. ಅವಳು ಹೊರಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ತೊಟ್ಟಿಯ ಬಳಿ ನಿಂತು ಕಿವಿಗೊಡುತ್ತಿದ್ದಳು. ಅದರ ಸಣ್ಣ ಸೆಳೆತಕ್ಕೆ ಹುಲ್ಲೂ ಅಲುಗದು, ನೋಡಿ ತಿಳಿಯುವಂತಿರಲಿಲ್ಲ; ಮಂಜ ಅವಳ ಮುಖ ನೋಡುತ್ತಿದ್ದ. ಅವಳು ಹೂಂ ಎಂದು ತಲೆ ಆಡಿಸಿದ ಮೇಲೆಯೇ ಅವನಿಗೆ ಸಮಾಧಾನ.

ಬೇಸಗೆ ಕೊನೆಯಲ್ಲಿ ಗುಲ್ವಾಡಿಯಲ್ಲಿ ಸುಗುಣಳ ತಮ್ಮನ ಮಗಳು ಶರಣ್ಯಾಳ ಮದುವೆ ಬಂತು. ಸುಗುಣ ಹಿಂದಿನ ದಿನವೇ ಹೋಗಬೇಕಿತ್ತು. ಮಂಜ ಮದುವೆಯ ಗದ್ದಲಕ್ಕೆ ಬರಲೊಲ್ಲೆ ಅಂದ.

"ಕರೆಂಟ್ ಹೋದ್ರೆ ಬಗ್ಗನ ಮನೆ ಗೋಪಿಯನ್ನ್ ಕರೀನಿ, ಹಾಂ? ಅವಳ್ ಬಂದ್ ಕೇಂತ್ಲ್," ಎಂದು ಪಕ್ಕದ ಮನೆಯ ಕಡೆ ಕೈ ತೋರಿಸಿ, ಕಿವಿ ಮುಟ್ಟಿಕೊಂಡು ಹೇಳಿ ಹೋದಳು.

ಸಂಜೆ ಬಡಗು ದಿಕ್ಕಿನಿಂದ ಗುಡುಗು ಎದ್ದಿತು. ಮಿಂಚಿಗೆ ಕರೆಂಟು ಹೋಯಿತು, ದೀಪ ಹಚ್ಚುವ ಹೊತ್ತಿಗೆ ಬಂತು. ಫ್ಯಾನು ತಿರುಗತೊಡಗಿತು. ಮಂಜ ತೊಟ್ಟಿಯ ಬಳಿ ಬಂದು ತೋಳು ಮಡಚಿ ನೀರೊಳಗೆ ಕೈ ಇಳಿಸಿ ಪಂಪನ್ನು ಹಿಡಿದ. ಹಿಡಿದು ನಿಂತ. ಬೆರಳ ತುದಿಯಲ್ಲಿ ಏನೋ ಗುಂಯ್ಗುಟ್ಟಿತು. ಮೊದಲು ನಂಬಲಿಲ್ಲ. ಕೈ ತೆಗೆದು ಒರೆಸಿಕೊಂಡು ಮತ್ತೆ ಹಿಡಿದ. ಹೌದು, ಸಣ್ಣಗೆ, ಒಂದೇ ಸಮನೆ ಅದುರುತ್ತಿದೆ. ಎಷ್ಟು ಕಾಲವಾಗಿತ್ತು! ಅವನಿಗೆ ಅಳು ಬಂದಂತಾಯಿತು. ಡಾಕ್ಟರ ಮಾತ್ರೆ ಹಿಡಿಯಿತು ಎಂದುಕೊಂಡ. ಗೋಪಿಯನ್ನು ಕರೆಯಲಿಲ್ಲ. ನಾಳೆ ಸುಗುಣ ಬಂದ ಕೂಡಲೇ ಹೇಳಬೇಕು ಎಂದು ಗಂಜಿ ಉಂಡು ಮಲಗಿದ.

ಅದು ಪಂಪಿನ ಅದುರಲ್ಲ. ಸಾಯುತ್ತಿರುವ ನರ ತನ್ನಷ್ಟಕ್ಕೆ ಜುಮುಗುಡುವುದು ಹಾಗೆಯೇ.

ಬೆಳಿಗ್ಗೆ ಗುಡ್ಡ ಒಂದು ಮಗ್ಗುಲಾಗಿ ತೇಲುತ್ತಿತ್ತು. ಪಂಪು ತಣ್ಣಗೆ ಕೂತಿತ್ತು. ನೀರಿನ ಮೇಲೆ ಜಿಡ್ಡಿನಂಥ ಪೊರೆ ಕಟ್ಟಿತ್ತು. ಮಂಜ ಮೀನನ್ನು ಎರಡೂ ಕೈಯಲ್ಲಿ ಎತ್ತಿದ. ಅದರ ತೂಕವಷ್ಟೇ ತಿಳಿಯಿತು. ಮೈ ನುಣುಪೋ ಒರಟೋ, ತಣ್ಣಗೋ ಬೆಚ್ಚಗೋ, ಯಾವುದೂ ತಿಳಿಯಲಿಲ್ಲ. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದ.

ಮದುವೆಯ ಸೀರೆಯಲ್ಲೇ ಸುಗುಣ ಬಂದವಳು ಬರಿದಾದ ತೊಟ್ಟಿ ನೋಡಿದಳು. ಅವನು ಆದದ್ದನ್ನು ಹೇಳಿದ, ಕೈ ಅದುರಿದ್ದನ್ನೂ ಹೇಳಿದ. ಅವಳು ಎದುರಿಗೆ ಬಂದು ಏನೋ ಹೇಳಿದಳು. ಅವನು ಅವಳ ತುಟಿಯ ಕಡೆ ನೋಡಲಿಲ್ಲ.

ಜೂನ್ ತಿಂಗಳಲ್ಲಿ ಅನೂಪ ಬೋಟಿನ ಮಳೆಗಾಲದ ರಜೆಗೆ ಬಂದ. "ಅಪ್ಪಯ್ಯ, ಬೇರೆ ಮೀನ್ ತಪ್ಪನಾ? ನಾ ಇರ್ತೆ, ನಾ ಕಾಂತೆ," ಎಂದು ಖಾಲಿ ತೊಟ್ಟಿಯತ್ತ ಕೈ ತೋರಿಸಿದ.

"ನೀ ಮತ್ತೆ ಬೋಟಿಗೆ ಹೋತಿಲ್ಲ್ಯಾ?" ಎಂದು ಕೇಳಿದ ಮಂಜ.

ಮಳೆ ಸ್ವಲ್ಪ ಹೊಳವಾದ ಒಂದು ದಿನ ಗುಜರಿಯವನ ಟೆಂಪೋ ಮೈಕಿನಲ್ಲಿ ಕೂಗುತ್ತ ಓಣಿಗೆ ಬಂತು. ಸುಗುಣ ಒಡೆದ ಪ್ಲಾಸ್ಟಿಕ್ ಕೊಡ ಹಿಡಿದು ಹೊರಗೆ ಹೋದಳು. ತಿರುಗಿ ನೋಡಿದರೆ ಮಂಜ ಜರ್ಮನ್ ಫಿಲ್ಟರನ್ನು ಕಂಕುಳಲ್ಲಿ ಹಿಡಿದು ಬರುತ್ತಿದ್ದ. ಪೈಪು ಸುತ್ತಿ ಕಟ್ಟಿದ್ದ. ಅವಳು ಬೇಡ ಬೇಡ ಎಂದು ಕೈ ಆಡಿಸಿದಳು. ಅವನು ಅವಳ ಪಕ್ಕದಿಂದ ಹಾದು, ತುಕ್ಕು ಹಿಡಿದ ತಗಡು, ಮುರಿದ ಕುರ್ಚಿಗಳ ನಡುವೆ ಅದನ್ನು ಟೆಂಪೋಕ್ಕೆ ಇಟ್ಟ. ಗುಜರಿಯವನು ಕೊಡಬಂದದ್ದನ್ನೂ ಮುಟ್ಟಲಿಲ್ಲ.

ಅವನು ಕೂಗಾಡಿದ್ದರೆ, ಫಿಲ್ಟರನ್ನು ಅಪ್ಪಿಕೊಂಡು ಕೊಡೆನೆಂದು ಹಟ ಹಿಡಿದಿದ್ದರೆ ಸುಗುಣಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವನು ಒಳಗೆ ಹೋಗಿ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ. ಅವಳು ಎದುರಿಗೆ ಹೋಗಿ ನಿಲ್ಲಲು ಅಲ್ಲಿ ಜಾಗವಿರಲಿಲ್ಲ.