ಬಾವಿಗಿಳಿದವರ ಬಳ್ಳಿ

ಬ್ರಹ್ಮಾವರದಲ್ಲಿ ಮಧ್ಯಾಹ್ನ ಮೂರಕ್ಕೆ ನನ್ನ ಭಾಷಣ. ಅದೇ ದಿನ ಬೆಳಿಗ್ಗೆ ಗುಲ್ವಾಡಿಯ ನಮ್ಮ ಮನೆಯ ಬಾವಿಯ ಕೆಸರು ತೆಗೆಯುವವರು ಬಂದರು. ಎರಡು ವಾರದಿಂದ ನಾಳೆ, ನಾಡಿದ್ದು ಎಂದು ಆಟ ಆಡಿಸಿದವರು ಸರಿಯಾಗಿ ಆ ದಿನವೇ ಬರಬೇಕೇ ಎಂದು ನನಗೆ ಸಿಟ್ಟು. ಆದರೆ ಮೇ ತಿಂಗಳಲ್ಲಿ ಕೊಡಪಾನಕ್ಕೆ ನೀರಿಗಿಂತ ಕೆಸರೇ ಹೆಚ್ಚು ಬರುತ್ತಿರುವಾಗ ಬಂದವರನ್ನು ಹಿಂದೆ ಕಳಿಸುವುದು ಹೇಗೆ? ಮಳೆ ಶುರುವಾದರೆ ಮತ್ತೆ ಮುಂದಿನ ವರ್ಷವೇ.

ಬಂದವರು ಇಬ್ಬರು. ಇಳಿಯುವವರು ಐವತ್ತು ದಾಟಿದ, ಸಪೂರದ ಮನುಷ್ಯ. ಮೇಲೆ ನಿಂತು ಕೆಸರಿನ ಬಕೆಟ್ ಎಳೆಯುವವರು ಅವರ ಭಾವ. ಬಕೆಟ್ಟಿಗೆ ಒಂದು ಹಗ್ಗ, ಇಳಿದವರ ಸೊಂಟಕ್ಕೆ ಇನ್ನೊಂದು. ಹಗ್ಗಕ್ಕೆ ನಮ್ಮ ಕಡೆ ಬಳ್ಳಿ ಎನ್ನುತ್ತಾರೆ. ಸೊಂಟದ ಬಳ್ಳಿಯ ಮೇಲಿನ ತುದಿ ಮನೆಯವರೊಬ್ಬರ ಕೈಯಲ್ಲೇ ಇರಬೇಕು, ಇಳಿದವರು ಹತ್ತಿ ಬರುವ ತನಕ ಮನೆಯಲ್ಲಿ ಯಾರೂ ಉಣ್ಣಬಾರದು. ಇದು ನಮ್ಮ ಮನೆಯ ಕ್ರಮ. ಅಪ್ಪ ಇದ್ದಷ್ಟು ಕಾಲ ಅಪ್ಪನೇ ಹಿಡಿಯುತ್ತಿದ್ದರು. ಈಗ ಮನೆಯಲ್ಲಿರುವುದು ನಾನು ಮತ್ತು ಎಂಬತ್ತು ದಾಟಿದ, ಮಂಡಿನೋವಿನ ಅಮ್ಮ. ಹಾಗಾಗಿ ಬಳ್ಳಿ ನನ್ನ ಪಾಲಿಗೆ ಬಂತು.

ಮೊದಲು ಬಕೆಟ್ಟಿನಲ್ಲಿ ದೀಪ ಇಟ್ಟು ತಳದವರೆಗೆ ಇಳಿಸಿ ನೋಡಿದರು. ಕೆಳಗೆ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರಲಿಲ್ಲ. ಬಳ್ಳಿಯನ್ನು ಮೂರು ಸಲ ಜಗ್ಗಿದರೆ ತನ್ನನ್ನು ಎತ್ತಬೇಕೆಂದು ನನಗೆ ಹೇಳಿ ಅವರು ಇಳಿದರು.

ನನ್ನ ಒಂದು ಕೈಯಲ್ಲಿ ಬಳ್ಳಿ, ಇನ್ನೊಂದರಲ್ಲಿ ಭಾಷಣದ ಹಾಳೆ. ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳಿಗೆ ನಿವೃತ್ತಿಯಾದರೂ ಮೈಕಿನ ಚಟ ಬಿಟ್ಟಿಲ್ಲ. ಪ್ರಾಚೀನ ಹಿಂದೂ ಚಿಂತನೆಯಲ್ಲಿ ಮಾನವ ಹಕ್ಕು ಎಂಬುದು ವಿಷಯ. ಹಳೆಯ ಧರ್ಮಗ್ರಂಥಗಳು ಯಾರಿಗೆ ಏನು ಸಿಗಬೇಕು ಎನ್ನುವುದಕ್ಕಿಂತ ಯಾರು ಏನು ಮಾಡಬೇಕು ಎಂಬುದನ್ನೇ ಹೆಚ್ಚು ಹೇಳುತ್ತವೆ. ಕಾಯುವುದು ರಾಜನ ಕರ್ತವ್ಯ, ಆದ್ದರಿಂದ ಭಯವಿಲ್ಲದೆ ಬದುಕುವುದು ಪ್ರಜೆಯ ಹಕ್ಕು. ದುಡಿಯುವವರಿಗೆ ಬಡಿಸಿ ಆಮೇಲೆ ಉಣ್ಣುವುದು ಮನೆಯ ಯಜಮಾನನ ಕರ್ತವ್ಯ, ಆದ್ದರಿಂದ ಆ ಅನ್ನ ಅವರ ಹಕ್ಕು. ಹೀಗೆ ಚೆಂದ ಮಾಡಿ ಬರೆದಿದ್ದೆ. ಕೆಲವರ ಹೆಗಲಿಗೆ ಬರೀ ಕರ್ತವ್ಯವನ್ನೇ ಹೊರಿಸಿದ್ದೂ ಇದೇ ಚಿಂತನೆ ಎನ್ನುವುದನ್ನೂ ಬಿಟ್ಟಿರಲಿಲ್ಲ. ಕೆಳಗೆ ಕೆಸರು ತುಂಬುತ್ತಿದ್ದವರ ಅಜ್ಜ ಇದೇ ಬಾವಿಯ ಕೆಸರು ತೆಗೆದಿದ್ದರಂತೆ, ಆದರೆ ಇದರಿಂದ ಒಂದು ಕೊಡ ನೀರು ಸೇದುವಂತಿರಲಿಲ್ಲ. ಅದನ್ನು ಹೇಳಿದರೆ ಸಭೆ ತಣ್ಣಗಾಗುತ್ತದೆ ಎಂದು ಒಳಗೊಳಗೇ ಖುಷಿಪಟ್ಟದ್ದೂ ನಿಜ.

ಹನ್ನೊಂದಕ್ಕೆ ಅವರು ಮೇಲೆ ಬಂದು ಬೆಲ್ಲ ನೀರು ಕುಡಿದರು. ಮತ್ತೆ ಇಳಿಯುವ ಮೊದಲು ಇನ್ನೊಮ್ಮೆ ದೀಪ ಇಳಿಸಿ ನೋಡಲು ಅಮ್ಮ ಜಗಲಿಯಿಂದ ಹೇಳಿದಳು. ಈಗಷ್ಟೇ ಹತ್ತಿ ಬಂದದ್ದಲ್ಲವೇ ಎಂದರು ಭಾವ. ಗಡಿಯಾರ ನೋಡುತ್ತಿದ್ದ ನಾನೂ ಹೌದೆಂದೆ. ದೀಪ ಇಳಿಸದೆಯೇ ಅವರು ಇಳಿದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು, ಬ್ರಹ್ಮಾವರದ ಸಂಘಟಕರದ್ದು. ಬಾವಿಯ ಹತ್ತಿರ ಮಾತು ತುಂಡು ತುಂಡಾಗಿ ಕೇಳುತ್ತದೆ, ಗೇಟಿನ ಬಳಿ ಹೋಗಬೇಕು. ಎರಡು ನಿಮಿಷ ತಾನೇ ಎಂದು ಬಳ್ಳಿಯನ್ನು ಪಕ್ಕದ ತೆಂಗಿನಮರಕ್ಕೆ ಸುತ್ತಿ ಗಂಟು ಹಾಕಿ ಹೋದೆ. ಸಂಘಟಕರು ನನ್ನ ಪರಿಚಯದಲ್ಲಿ ಏನೇನು ಹೇಳಬೇಕೆಂದು ಕೇಳಿದರು. ನನ್ನ ಬಗ್ಗೆ ಹೇಳಲು ನನಗೆ ಎರಡು ನಿಮಿಷ ಸಾಲಲಿಲ್ಲ.

ಹಿಂದಿನಿಂದ ಅಮ್ಮನ ದನಿ ಬಂತು. "ಬಳ್ಳಿ ಯಾರ್ ಕೈಯಂಗಿತ್ತ್?"

ತಿರುಗಿ ನೋಡಿದರೆ ಬಾವಿಕಟ್ಟೆಯಲ್ಲಿ ಯಾರೂ ಇಲ್ಲ. ಭಾವ ಕೆಸರು ಚೆಲ್ಲಲು ತೋಟದ ಆಚೆಗೆ ಹೋಗಿದ್ದರು. ಓಡಿ ಬಂದು ಬಗ್ಗಿ ಕೂಗಿದೆ. ಉತ್ತರವಿಲ್ಲ. ತಳದ ಕತ್ತಲೆಯಲ್ಲಿ ಅವರ ಬೆನ್ನು ಮಾತ್ರ ಕಂಡಿತು, ಗೋಡೆಗೆ ಒರಗಿದ ಹಾಗೆ. ಗಂಟು ಬಿಚ್ಚಲು ಹೋದರೆ ಬಿಗಿದುಕೊಂಡಿತ್ತು. ಗಂಟನ್ನು ಹಾಗೇ ಬಿಟ್ಟು ಬಳ್ಳಿಯನ್ನೇ ಹಿಡಿದು ಎಳೆದೆ. ಒಂದು ಮಾರೂ ಬರಲಿಲ್ಲ.

ಅಷ್ಟರಲ್ಲಿ ಭಾವ ಓಡಿ ಬಂದವರು ಕಟ್ಟೆ ಹತ್ತಿ ಇಳಿಯಲು ಕಾಲು ಹಾಕಿದರು. ಅಮ್ಮ ಅದು ಹೇಗೆ ಜಗಲಿ ಇಳಿದು ಬಂದಿದ್ದಳೋ, ಅವರ ಅಂಗಿ ಹಿಡಿದು ನಿಂತಿದ್ದಳು. "ನೀನ್ ಇಳೂಕಾಗ. ಎರಡ್ ಹೆಣ ಎತ್ತೂಕ್ ನನ್ನತ್ರ ಆಪುದಿಲ್ಲೆ."

ನಾನು ಬೇಲಿಯ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ. ನೆರೆಮನೆಯ ಇಬ್ಬರು ಬಂದರು. ನಾಲ್ಕು ಜನ ಸೇರಿ ಎಳೆದೆವು. ಅಂಗಳದಲ್ಲಿ ಬಿಸಾಡಿದ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ನಾನೇ ಕೊಂದೆ, ನಾನೇ ಕೊಂದೆ ಎನ್ನುವುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಮೇಲೆ ಬಂದಾಗ ಅವರ ತುಟಿ ನೀಲಿ. ಅಂಗಳದಲ್ಲಿ ಮಲಗಿಸಿ, ಭಾವ ಎದೆ ಒತ್ತಿ, ನೆರೆಮನೆಯವರು ಗಾಳಿ ಹಾಕಿ, ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಒಮ್ಮೆ ಕೆಮ್ಮಿದರು. ಆಂಬುಲೆನ್ಸ್‌ಗೆ ಕಾಯದೆ ನೆರೆಯವರ ಕಾರಿನಲ್ಲೇ ಕುಂದಾಪುರಕ್ಕೆ ಕರೆದೊಯ್ದೆವು.

ಆಸ್ಪತ್ರೆಯಲ್ಲಿ ಎಲ್ಲರೂ ಗಾಳಿಯನ್ನೇ ದೂರಿದರು. ಕೆಸರು ಕೆದಕಿದಾಗ ಕೆಟ್ಟ ಗಾಳಿ ಏಳುತ್ತದೆ, ಯಾರ ತಪ್ಪೂ ಅಲ್ಲ ಎಂದರು ಭಾವ. ಬಳ್ಳಿಯ ಮಾತು ನಾನು ತೆಗೆಯಲಿಲ್ಲ. ಮರುದಿನ ಬಾವಿಗಿಳಿದವರ ಹಾಸಿಗೆಯ ಪಕ್ಕ ಕೂತಾಗಲೂ ಊಟ, ಔಷಧಿ ಎಂದು ಏನೇನೋ ವಿಚಾರಿಸಿದೆ. ಅವರೇ ಮಾತು ತೆಗೆದರು.

"ನಾನ್ ಮೂರ್ ಸಲ ಜಗ್ಗಿದೆ, ಟೀಚ್ರೇ."

ಆಗ ಹೇಳಿದೆ, ಮರಕ್ಕೆ ಕಟ್ಟಿ ಹೋಗಿದ್ದೆ ಎಂದು.

"ಮರ ಎಂತ ಮಾಡತ್ತ್" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೀವ ಉಳಿಸಿಕೊಳ್ಳುವ ಅವರ ಹಕ್ಕನ್ನು ನನ್ನ ಹಾಳೆಯಲ್ಲಿ ಎಷ್ಟು ಚೆಂದವಾಗಿ ಬರೆದಿದ್ದರೂ ಆ ಹೊತ್ತಿಗೆ ಅದು ಇದ್ದದ್ದು ನನ್ನ ಮುಷ್ಟಿಯಲ್ಲಿ, ಮುಷ್ಟಿ ಗೇಟಿನ ಹತ್ತಿರ ಇತ್ತು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಹನ್ನೆರಡು ದಿನ ಬಿಟ್ಟು ಅವರು ಮತ್ತೆ ಬಂದರು, ಭಾವನ ಜೊತೆ, ಕೆಳಕ್ಕೆ ಗಾಳಿ ಊದುವ ಯಂತ್ರ ಹಿಡಿದುಕೊಂಡು. ಬೇಡ ಎಂದು ಅಂಗಲಾಚಿದೆ. ಅರ್ಧ ಬಿಟ್ಟ ಬಾವಿಯ ನೀರು ಕುಡಿಯುವಂತಿಲ್ಲ, ಕೆಲಸ ಮುಗಿಸಿಯೇ ಹೋಗುವುದು ಎಂದರು. ನಾನು ಫೋನ್ ಒಳಗಿಟ್ಟು, ಬೆಳಗಿನಿಂದ ನೀರೂ ಕುಡಿಯದೆ, ಕಟ್ಟೆಯ ಬಳಿ ಕೈ ಚಾಚಿ ನಿಂತೆ. ಅವರು ನನ್ನನ್ನು ದಾಟಿ ಜಗಲಿಗೆ ಹೋದರು.

"ಅಮ್ಮಾ, ಬಳ್ಳಿ ನೀವ್ ಹಿಡ್ಕಣಿ."

ಅಮ್ಮನಿಗೆ ಕುರ್ಚಿ ತಂದು ಹಾಕಿದ್ದು ನಾನೇ. ಅವಳು ಬಳ್ಳಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. ಅವಳ ಕೈ ನಡುಗುತ್ತದೆ, ನಾನೂ ಇದ್ದೇನಲ್ಲ ಎಂದೆ.

ಅವರು ಸೊಂಟದ ಗಂಟನ್ನು ಎಳೆದು ನೋಡುತ್ತಿದ್ದರು, ತಲೆ ಎತ್ತಲಿಲ್ಲ. "ನೀವ್ ಕೆಸ್ರ್ ಹೊತ್ತ್ ಹಾಕಿ, ಟೀಚ್ರೇ. ಭಾವ ಇಲ್ಲೇ ನಿಲ್ಲಲಿ."

ನಾನು ಸೆರಗು ಬಿಗಿದು ಬುಟ್ಟಿ ಎತ್ತಿಕೊಂಡೆ.