ಬೆರಳಿನ ರೊಕ್ಕ

ಗರುಡಾಚಾರ್‌ಪಾಳ್ಯದ ತಗಡಿನ ಕಾರ್ಖಾನೆಯಲ್ಲಿ ಜೊತೆಯವರು ಪೀರಪ್ಪನನ್ನು ‘ಏಳೂವರೆ’ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಪ್ರೆಸ್ ಯಂತ್ರ ಅವನ ಬಲಗೈಯ ಎರಡೂವರೆ ಬೆರಳನ್ನು ತೆಗೆದುಕೊಂಡಿತ್ತು. ಹೆಸರಿಟ್ಟವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಎಣಿಕೆ ಸರಿಯಾಗಿಯೇ ಇದೆ ಎನ್ನುತ್ತಿದ್ದ. ಗಾಯ ಮಾಯ್ದ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತ, ಪ್ಯಾಕಿಂಗ್ ವಿಭಾಗಕ್ಕೆ ಹೋದ, ಅಲ್ಲೇ ಉಳಿದ.

ಆ ಗಾಯಕ್ಕಾಗಿ ಕಾರ್ಮಿಕರ ವಿಮೆಯಾದ ಇಎಸ್‌ಐನಿಂದ ತಿಂಗಳು ತಿಂಗಳು ಹಣ ಬರುತ್ತಿತ್ತು. ಕಾರ್ಖಾನೆಯವರೆಲ್ಲ ಅದನ್ನು ‘ಪೀರಪ್ಪನ ಪಿಂಚಣಿ’ ಎನ್ನುತ್ತಿದ್ದರು. ಅವನ ಹೆಂಡತಿ ಯಂಕಮ್ಮ ಮಾತ್ರ ‘ಬೆರಳಿನ ರೊಕ್ಕ’ ಎನ್ನುತ್ತಿದ್ದಳು. ಯಾದಗಿರಿ ಕಡೆಯಿಂದ ಬಂದು ನೆಲೆಸಿದ ಈ ಇಬ್ಬರ ಕೋಣೆಯ ಬಾಡಿಗೆ ಅದರಿಂದಲೇ ಹೋಗುತ್ತಿತ್ತು.

ಐವತ್ತೆಂಟು ತುಂಬಿ ಕೆಲಸ ಬಿಡುವ ದಿನ ಪೀರಪ್ಪ ಪಿಎಫ್ ಪಿಂಚಣಿಯ ಅರ್ಜಿ ಕೇಳಿ ಪಡೆದ. ಕಾರ್ಖಾನೆಯ ಗುಮಾಸ್ತ ಕಿರಣಕುಮಾರ ಅದನ್ನು ಕೊಡುತ್ತಲೇ ಹೇಳಿದ:

“ನಿಮಗಾಗ್ಲೇ ಒಂದು ಪಿಂಚಣಿ ಬರ್ತಿದ್ಯಲ್ಲಾ ಪೀರಪ್ಪನೋರೆ? ಒಬ್ಬ ಮನುಷ್ಯನಿಗೆ ಎರಡೆರಡು ಎಲ್ಲಿ ಕೊಡ್ತಾರೆ? ಇದು ಶುರುವಾದ್ರೆ ಅದು ಕಟ್ಟಾಗುತ್ತೆ.”

“ಯಾವುದು ಜಾಸ್ತಿ ಬರ್ತದ್ರೀ ಸರ?”

“ಹೆಚ್ಚುಕಮ್ಮಿ ಒಂದೇ. ಸುಮ್ನೆ ಯಾಕೆ ಓಡಾಡ್ತೀರಾ?”

ಪೀರಪ್ಪ ಅರ್ಜಿಯನ್ನು ಮಡಚಿ ಮನೆಯಲ್ಲಿ ತಿಂಥಣಿ ಮೌನೇಶ್ವರನ ಪಟದ ಹಿಂದೆ ಇಟ್ಟ. ಬರುತ್ತಿರುವುದನ್ನು ಕಳೆದುಕೊಳ್ಳುವ ಭಯ ಅವನಿಗೆ. ಎಂಟು ತಿಂಗಳು ಅದು ಅಲ್ಲೇ ಇತ್ತು. ಅಷ್ಟರಲ್ಲಿ ಮನೆ ಮಾಲೀಕ ಬಾಡಿಗೆ ಏರಿಸಿದ. ಯಂಕಮ್ಮ ಇನ್ನೂ ಎರಡು ಮನೆಯ ಕೆಲಸ ಹಿಡಿದಳು, ಮೊಣಕಾಲು ಊದಿತು. ಒಂದು ಸೋಮವಾರ ಪಟ ಒರೆಸುವಾಗ ಅರ್ಜಿ ಕೆಳಗೆ ಬಿತ್ತು.

“ಇಪ್ಪತ್ತೆರಡು ವರ್ಷ ದುಡಿದದ್ದು ಈ ಕಾಗದದಾಗ ಅದ. ಹೋಗಿ ಕೇಳಿ ಬರ್ರಿ. ಕೇಳಿದ್ರ ಉಳಿದ ಬೆರಳೂ ಕೊಯ್ತಾರೇನು?” ಎಂದಳು.

ಪೀರಪ್ಪ ಕೂತು ಅರ್ಜಿ ತುಂಬಿದ. ದೇವರ ಹಿಂದೆ ಇದ್ದ ಕಾಗದ, ಅದರಲ್ಲಿ ಏನನ್ನೂ ಮುಚ್ಚಿಡಬಾರದು ಅನ್ನಿಸಿತು. ಯಾರೂ ಕೇಳದಿದ್ದರೂ ಅಂಚಿನಲ್ಲಿ ಬರೆದ: ‘ನನಗೆ ಈಗಾಗಲೇ ಪಿಂಚಣಿ ಬರುತ್ತಿದೆ.’

ಪಿಎಫ್ ಕಚೇರಿಯ ಕೌಂಟರಿನಲ್ಲಿದ್ದ ಪ್ರಿಯಾ ಎಂಬ ಹೆಣ್ಣುಮಗಳು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು:

“ಯಾವ ಪಿಂಚಣಿ ಇದು? ನಮ್ಮ ರೆಕಾರ್ಡಲ್ಲಿ ಏನೂ ಇಲ್ವಲ್ಲ.”

ಪೀರಪ್ಪ ಬಲಗೈ ಎತ್ತಿ ತೋರಿಸಿದ. ಗಾಬರಿಯಲ್ಲಿ ಹೆಂಡತಿಯ ಮಾತೇ ಬಾಯಿಗೆ ಬಂತು. “ಬೆರಳಿನ ರೊಕ್ಕರೀ ಮೇಡಂ.”

“ಇಎಸ್‌ಐದಾ? ಅದನ್ನ ಪಿಂಚಣಿ ಅಂತ ಯಾರಂದ್ರು?”

“ಎಲ್ಲಾರೂ ಅಂತಾರ್ರಿ.”

“ಅಂದ್ಕೊಳ್ಳಲಿ. ಅದು ಗಾಯಕ್ಕೆ, ಇದು ದುಡಿಮೆಗೆ. ಇದು ಬಂತು ಅಂತ ಅದು ನಿಲ್ಲಲ್ಲ. ಆ ಸಾಲು ಹೊಡೆದುಹಾಕಿ ಸಹಿ ಮಾಡಿ.”

ಪೀರಪ್ಪ ಪೆನ್ನು ಹಿಡಿದು ನಿಂತ. “ಹೊಡೆದ್ರ ಸುಳ್ಳಾಗೂದಿಲ್ಲೇನ್ರಿ?”

“ಇಟ್ಕೊಂಡ್ರೇನೇ ಸುಳ್ಳು, ಯಜಮಾನ್ರೇ.”

ಅವನು ಎಡಗೈಯಿಂದ ನಿಧಾನವಾಗಿ ಆ ಸಾಲನ್ನು ಹೊಡೆದ. ಸಹಿ ಮಾಡಿದ. ಸ್ವೀಕೃತಿ ಚೀಟಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಯಂಕಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು.

“ಬೆರಳಿನ ರೊಕ್ಕ?”

“ಹಂಗೇ ಅದ.”

“ಪಿಂಚಣಿ?”

“ಅದೂ ಬರ್ತದಂತ.”

“ನಾ ಯಾವಾಗರ ಬೆರಳಿನ ರೊಕ್ಕಕ್ಕ ಪಿಂಚಣಿ ಅಂದೀನೇನು?”

ಪೀರಪ್ಪ ಚೀಟಿಯನ್ನು ಪಟದ ಹಿಂದೆ ಇಡುತ್ತ ಯೋಚಿಸಿದ. ಇಲ್ಲ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲ.